ಭೂಕಂಪ ಆದ ಊರಲ್ಲಿ ಜನರಿಗೆ ಮನೆ ಕಟ್ಟಿಸಿಕೊಡೋರು ಮೊದಲು ಏನ್ ಮಾಡ್ಬೇಕು

ನಿಮ್ಮ ಹತ್ರ ಪ್ಲಾನ್ ರೆಡಿ ಇದ್ರೂ ಬ್ಯಾಗಲ್ಲೇ ಇರ್ಲಿ, ಮೊದಲು ಊರ ಕಟ್ಟೆ ಮೇಲೆ ಕೂತು ಜನರ ಮಾತು ಕೇಳಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಕಡೆ ಕಿಲ್ಲಾರಿ ಭೂಕಂಪ ಆಯ್ತಲ್ಲ, ನಮ್ಮ ಬೀದರ್, ಕಲಬುರಗಿ ಪಕ್ಕದ್ದೇ, ಆಗ 50ಕ್ಕಿಂತ ಜಾಸ್ತಿ ಹಳ್ಳಿಗಳನ್ನ ಎತ್ತಿ ಹೊಸ ಜಾಗಕ್ಕೆ ಹಾಕಿದ್ರು, ನೆಟ್ಟಗಿನ ರಸ್ತೆ, ಸಾಲು ಮನೆ, ನೋಡೋಕೇನೋ ಚೆನ್ನಾಗೇ ಇತ್ತು, ಆದ್ರೆ ಎಷ್ಟೋ ಕಡೆ ಎತ್ತು ಎಲ್ಲಿ ಕಟ್ಟೋದು, ಮೇವು ಎಲ್ಲಿ ಒಟ್ಟೋದು ಅಂತ ಯಾರೂ ಕೇಳಿರ್ಲಿಲ್ಲ. 2001ರ ಜನವರಿ 26ರ ಕಛ್ ಭೂಕಂಪ ಆದ್ಮೇಲೆ ಗುಜರಾತಲ್ಲಿ ಬಹಳಷ್ಟು ಜನ ಸರ್ಕಾರದ ದುಡ್ಡು ಕಂತಲ್ಲಿ ತಗೊಂಡು ಇದ್ದ ಜಾಗದಲ್ಲೇ ತಾವೇ ನಿಂತು ಕಟ್ಟಿಸ್ಕೊಂಡ್ರು. ನನ್ನ ಓಟು ಇದಕ್ಕೇ.

ಸರ್ವೆ ಮಾಡೋವಾಗ ಬರೀ ಸರಪಂಚ್ ತೋರಿಸಿದ ಮನೆ ನೋಡಿ ವಾಪಸ್ ಬರ್ಬೇಡಿ. ಬಾಡಿಗೆಗಿದ್ದವರು, ಗಂಡ ಸತ್ತವರು, ಕಾಗದಪತ್ರ ಇಲ್ದೋರು ಮನೆ ಸಿಗೋರ ಲಿಸ್ಟಿಂದ ಬಿದ್ದುಹೋಗೋದೇ ಇಲ್ಲಿ. ಲಿಸ್ಟ್ ಪಂಚಾಯ್ತಿ ಗೋಡೆಗೆ ಅಂಟಿಸಿ, ಜಗಳ ಆಗುತ್ತೆ, ಆಗ್ಲಿ ಬಿಡಿ, ಈಗ ಆದ್ರೇ ಒಳ್ಳೇದು. ಹೆಂಗಸರ ಮೀಟಿಂಗ್ ಬೇರೆ ಮಾಡಿ, ಗಂಡಸರ ಎದುರು ಅಡುಗೆಮನೆ, ಬಚ್ಚಲು ಬಗ್ಗೆ ಯಾರೂ ಬಾಯಿ ಬಿಡಲ್ಲ. ಮನೆ ಗಂಡ ಹೆಂಡ್ತಿ ಇಬ್ರ ಹೆಸರಲ್ಲೂ ಇರ್ಲಿ.

ಆಮೇಲೆ ಗೌಂಡಿಗಳು. ಇವ್ರನ್ನ ಬಿಟ್ರೆ ಎಲ್ಲಾ ಕೆಟ್ಟಂಗೆ. ಕಿಲ್ಲಾರಿಯಲ್ಲಿ ಜನ ಸತ್ತಿದ್ದು ಮಣ್ಣಲ್ಲಿ ಕಲ್ಲು ಜೋಡಿಸಿದ ದಪ್ಪ ಗೋಡೆ, ಅದ್ರ ಮೇಲೆ ಭಾರದ ಮಣ್ಣಿನ ಮಾಳಿಗೆ ಬಿದ್ದು. ಹಂಗಂತ ಕಲ್ಲೇ ಬೇಡ ಅಂತಲ್ಲ: ಗೋಡೆಯ ಎರಡೂ ಮುಖ ಹಿಡಿಯೋ ಉದ್ದ ಕಲ್ಲು ನಡುನಡುವೆ ಹಾಕ್ಬೇಕು, ಪಾಯದ ಮೇಲೆ, ಬಾಗಿಲು-ಕಿಟಕಿ ಮೇಲಿನ ಲಿಂಟಲ್ ಮಟ್ಟದಲ್ಲಿ, ಸೂರಿನ ಕೆಳಗೆ ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಬರ್ಬೇಕು, ಮೂಲೆಗಳಲ್ಲಿ ಕೆಳಗಿಂದ ಮೇಲಕ್ಕೆ ನೆಟ್ಟಗೆ ಕಬ್ಬಿಣ. ಇದನ್ನ ಪೋಸ್ಟರ್ ಹಾಕಿ ಹೇಳಿದ್ರೆ ತಲೆಗೆ ಹೋಗಲ್ಲ, ಊರಲ್ಲೇ ಒಂದು ಮಾದರಿ ಮನೆ ಕಟ್ಟಿ, ಊರ ಗೌಂಡಿಗಳ ಕೈಯಲ್ಲೇ ಕಟ್ಟಿಸಿ. ಬರೀ ಬಿರುಕು ಬಿಟ್ಟ ಮನೆ ಎಲ್ಲಾ ಕೆಡವ್ಬೇಡಿ, ಇಂಜಿನಿಯರ್ ನೋಡಿ ಆಗುತ್ತೆ ಅಂದ್ರೆ ರಿಪೇರಿ ಮಾಡಿ ಗಟ್ಟಿ ಮಾಡ್ಸಿ.

ದುಡ್ಡು ಒಂದೇ ಸಲ ಕೊಡ್ಬೇಡಿ. ನೇಪಾಳದಲ್ಲಿ 2015ರ ಭೂಕಂಪದ ನಂತರ ಒಂದು ಮನೆಗೆ 3 ಲಕ್ಷ ನೇಪಾಳಿ ರೂಪಾಯಿನ 50 ಸಾವಿರ, ಒಂದೂವರೆ ಲಕ್ಷ, 1 ಲಕ್ಷ ಅಂತ ಮೂರು ಕಂತಲ್ಲಿ ಕೊಟ್ರು, ಕೆಲಸ ಚೆಕ್ ಮಾಡಿದ ಮೇಲೇ ಮುಂದಿನದು. ಆದ್ರೆ ಇಂಜಿನಿಯರ್ ಬರೋದು ತಡ ಆದ್ರೆ ಪಾಯ ಹಾಕಿ ಮಳೇಲಿ ಕಾಯ್ತಾ ಕೂರ್ಬೇಕಾಗುತ್ತೆ, ಅದಕ್ಕೆ ಯಾವ ಊರಿಗೆ ಯಾವ ದಿನ ಬರ್ತಾರೆ ಅಂತ ಮೊದಲೇ ಬರೆಸಿ ಹಾಕ್ಸಿ.