ಕಮೊಡೋರ್ ಇದ್ದರೂ ಸಾವಿರ, ಸತ್ತರೂ ಸಾವಿರ

ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಬಿಡಿಭಾಗ ಮಾರುತ್ತೇನೆ ಎಂದಾಗ ಜೊತೆಗಾರರು ನನ್ನನ್ನು ಕಟುಕ ಎಂದರು. ಇಡಿಯಾಗಿ ಕೊಳ್ಳುವವರೇ ಇಲ್ಲ, ಚೂರು ಯಾರಿಗೆ ಬೇಕು ಎಂಬ ಮಾತು ಬೇರೆ. ಮೂರು ವರ್ಷಗಳಲ್ಲಿ ಹದಿನೇಳೋ ಹದಿನೆಂಟೋ ಕಮೊಡೋರ್ 64, ಅಂದರೆ 1980ರ ದಶಕದ ಮನೆಬಳಕೆಯ ಕಂಪ್ಯೂಟರುಗಳು, ನನ್ನ ಕೈ ದಾಟಿವೆ. ಸರಿಯಾಗಿ ಓಡುವ ಯಂತ್ರದ ಬೆಲೆ ನೂರು ಎಂದಿಟ್ಟುಕೊಳ್ಳಿ. ಸತ್ತದ್ದನ್ನು ಹಾಗೆಯೇ ಮಾರಿದಾಗ ಮೂವತ್ತು ಸಿಗುತ್ತಿತ್ತು. ಬಿಚ್ಚಿ ಮಾರಿದಾಗ ತೊಂಬತ್ತರ ಆಸುಪಾಸು ಬಂತು.

ಮೊದಲ ವರ್ಷ ಮಾತ್ರ ಬರೀ ನಷ್ಟ. ಮೊದಲ ಯಂತ್ರವನ್ನು ಕೊಂದವನು ನಾನೇ. ಅದರ ಜೊತೆಗೆ ಬಂದ ಇಟ್ಟಿಗೆಯಂಥ ಪವರ್ ಸಪ್ಲೈಯನ್ನೇ ಸಿಕ್ಕಿಸಿದೆ. ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟಿನ ಜಾಗದಲ್ಲಿ ಹೆಚ್ಚು ಬರುತ್ತದೆಂದು ಗೊತ್ತಿದ್ದೂ ಮೀಟರ್ ಹಿಡಿದು ನೋಡಲು ಸೋಮಾರಿತನ. ರ‍್ಯಾಮ್ ಚಿಪ್‌ಗಳು ಹೋದವು.

ಆಮೇಲೆ ಕಮೊಡೋರಿನ ಸದ್ದು ಹೊರಡಿಸುವ ಸಿಡ್ ಚಿಪ್‌ಗಳ ಪಾಠ. ಪರೀಕ್ಷಿಸದೆ ಕಳಿಸಿದ ಐದರಲ್ಲಿ ಮೂರು ವಾಪಸಾದವು. ಸದ್ದು ಬರುತ್ತಿತ್ತು, ಅದರ ಗುಣ ತಿದ್ದುವ ಫಿಲ್ಟರ್ ಸತ್ತಿತ್ತು. ಇವನ್ನು ಕೊಳ್ಳುವವರಲ್ಲಿ ಸಂಗೀತದವರೂ ಇದ್ದಾರೆ, ಅವರ ಕಿವಿಗೆ ಮೋಸ ಮಾಡಲಾಗದು. ಈಗ ಪ್ರತಿ ಚಿಪ್ಪನ್ನೂ ಒಂದು ಗಂಟೆ ಓಡಿಸಿ, ಅದರ ಮೂರು ಧ್ವನಿಗಳನ್ನೂ ಫಿಲ್ಟರನ್ನೂ ರೆಕಾರ್ಡ್ ಮಾಡಿ ಜೊತೆಗೆ ಕಳಿಸುತ್ತೇನೆ. ಇದರಿಂದಲೇ ಬೆಲೆ ಒಂದೂವರೆ ಪಟ್ಟಾಯಿತು. ಪರೀಕ್ಷೆಗೆ ಎರಡು ಬೋರ್ಡ್ ಇಟ್ಟುಕೊಂಡಿದ್ದೇನೆ: ಸಿಡ್‌ನ ಹಳೆಯ ಮಾದರಿ 6581ಕ್ಕೆ 12 ವೋಲ್ಟ್ ಬೇಕು, ಹೊಸ ಮಾದರಿ 8580ಕ್ಕೆ 9. ಎರಡು ಏಕೆ ಎಂದು ಕೇಳಬೇಡಿ, ಸುಟ್ಟ ಒಂದು 8580 ಇನ್ನೂ ಡ್ರಾಯರಿನಲ್ಲಿದೆ.

ಬೆಸುಗೆ ಹಾಕಿದ ಚಿಪ್ಪನ್ನು ಬೋರ್ಡಿನ ತಾಮ್ರದ ಗೆರೆ ಕೀಳದಂತೆ ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವಷ್ಟು ಉದಾರಿ ನಾನಲ್ಲ.

ನಡುವೆ ಹಳದಿಗಟ್ಟಿದ ಪೆಟ್ಟಿಗೆಗಳಿಗೆ, ಹಳದಿ ಹೋಗಲೆಂದು, ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟೆ. ಕ್ರೀಮ್ ಒಣಗಿದ ಕಡೆ ಬಿಳಿ ಮಚ್ಚೆ ಬಿದ್ದು ಚಿರತೆಯಂತಾಯಿತು. ಹಳದಿಯಾಗಿಯೇ ಇದ್ದಿದ್ದರೆ ಹೆಚ್ಚು ಬರುತ್ತಿತ್ತು. ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿಯೂ ಮಾರಿ ನೋಡಿದೆ. ಅಂಚೆ ವೆಚ್ಚವೇ ಗುಂಡಿಯ ಬೆಲೆಯನ್ನು ನುಂಗಿತು. ಈಗ ಸ್ಪ್ರಿಂಗ್ ಸಮೇತ ಹತ್ತರ ಕಟ್ಟು, ಕಡಿಮೆ ಕೊಡುವುದಿಲ್ಲ.

ಓಡುವ ಯಂತ್ರವನ್ನು ಮಾತ್ರ ಬಿಚ್ಚಬಾರದು. ಒಮ್ಮೆ ಆಸೆಗೆ ಬಿದ್ದು ಕಮೊಡೋರ್ ಕಂಪನಿಯದೇ ಇನ್ನೊಂದು ಕಂಪ್ಯೂಟರ್ ಅಮಿಗಾ 2000 ಅನ್ನು ಬಿಚ್ಚಿದೆ. ಕಾರ್ಡ್‌ಗಳು ವಾರದೊಳಗೆ ಮಾರಾಟವಾದವು. ಬೋರ್ಡಿನ ಮೇಲಿನ ಬ್ಯಾಟರಿ ಸೋರಿ ಸುತ್ತಲಿನ ಗೆರೆಗಳನ್ನು ತಿಂದಿದ್ದು ಆಮೇಲೆ ಕಂಡಿತು. ಬೋರ್ಡನ್ನು ಅರ್ಧ ಬೆಲೆಗೆ ಕೊಟ್ಟೆ. ಕಬ್ಬಿಣದ ಆ ದೊಡ್ಡ ಪೆಟ್ಟಿಗೆಯನ್ನು ಕೇಳುವವರಿಲ್ಲ, ಮಂಚದ ಕೆಳಗೆ ಮಲಗಿದೆ. ಒಟ್ಟು ಲೆಕ್ಕದಲ್ಲಿ ಇಡಿಯಾಗಿ ಮಾರಿದ್ದರೆ ಬರುತ್ತಿದ್ದುದರ ಮುಕ್ಕಾಲು ಪಾಲೂ ಬರಲಿಲ್ಲ. ಕಮೊಡೋರ್ 64ರ ಖಾಲಿ ಪೆಟ್ಟಿಗೆ ಹಾಗಲ್ಲ. ಹೊಸದಾಗಿ ತಯಾರಾಗುವ ಬೋರ್ಡ್‌ಗಳನ್ನು ಕೂರಿಸಲು ಜನ ಅದನ್ನು ಹುಡುಕಿಕೊಂಡು ಬರುತ್ತಾರೆ.

ಈಗ ಮೇಜಿನ ಮೇಲೆ ಇನ್ನೂ ಮೂರು ಕಮೊಡೋರ್ 64 ಇವೆ. ಒಂದರದ್ದು ಬರೀ ಕಪ್ಪು ಪರದೆ, ಯಾವಾಗ ಯಾವ ಮೆಮೊರಿ ಎಂದು ಆರಿಸುವ ಚಿಪ್ಪಾದ ಪಿಎಲ್‌ಎ ಹೋಗಿರಬೇಕು. ಬದಲಿಸಿ ನೋಡುತ್ತೇನೆ, ಎದ್ದರೆ ಅದನ್ನು ಇಡಿಯಾಗಿಯೇ ಮಾರುತ್ತೇನೆ.