ಅಮೆರಿಕದ ಹಳ್ಳಿಯಲ್ಲಿ ಹಳೇ ಮನೆ: ಸರ್ಕಾರಿ ಖಾತರಿಯ ಸಾಲ ಪಡೆಯುವುದು ಹೇಗೆ?

ವಾಷಿಂಗ್ಟನ್ ಕಡೆ ದುಡಿಯುವ ನಮ್ಮವರಿಗೆ ವರ್ಜೀನಿಯಾದ ಆರೆಂಜ್ ಕೌಂಟಿ ನೋಡಿದರೆ ಆಸೆ ಹುಟ್ಟುವುದು ಸಹಜ. ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಬಾಳಿದ ಮಾಂಟ್‌ಪಿಲಿಯರ್ ಇಲ್ಲಿದೆ, ಸುತ್ತ ಹಳೇ ಮರದ ಮನೆಗಳಿವೆ. ಅದೂ ಅಲ್ಲದೆ, ಸಾಲಕ್ಕೆ ಯುಎಸ್‌ಡಿಎ, ಅಂದರೆ ಅಲ್ಲಿನ ಕೃಷಿ ಇಲಾಖೆಯ ಖಾತರಿಯಿದ್ದರೆ ಮುಂಗಡವೇ ಬೇಡ. ಇಷ್ಟು ಕೇಳಿದವರೇ ಮನೆ ಒಪ್ಪಿಕೊಂಡುಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಮೊದಲು ನಿಮ್ಮ ಅರ್ಹತೆ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್‌-1ಬಿಯಲ್ಲಿ ಇದ್ದರೆ ಈ ದಾರಿ ಬಿಡಿ. ಆದಾಯ ಆ ಪ್ರದೇಶದ ಮಧ್ಯಮ ಆದಾಯದ 115% ದಾಟಬಾರದು. ಸಾಲಕ್ಕೆ ಸಹಿ ಹಾಕುವವರದ್ದು ಮಾತ್ರವಲ್ಲ, ಆ ಮನೆಯಲ್ಲಿ ವಾಸಿಸುವ ವಯಸ್ಕರೆಲ್ಲರ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಜೊತೆಗಿರುವ ತಮ್ಮನ ಸಂಬಳ ಬರೆಯದೆ ಬಿಟ್ಟು, ಆಮೇಲೆ ಅರ್ಜಿ ಬಿದ್ದುಹೋದದ್ದನ್ನು ನೋಡಿದ್ದೇನೆ. ಬಾಡಿಗೆಗೆ ಕೊಡಲು ಈ ಸಾಲ ಸಿಗದು, ನೀವೇ ವಾಸಿಸಬೇಕು.

ಮನೆ ಇರುವ ಜಾಗ ಈ ಸಾಲಕ್ಕೆ ಅರ್ಹವೇ ಅಂತ ಇಲಾಖೆಯ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ನಂತರ ಸಾಲ ಕೊಡುವವರು. ಹಣ ಬ್ಯಾಂಕಿನದು, ಇಲಾಖೆ ಬರೀ ಜಾಮೀನು. ಕ್ರೆಡಿಟ್ ಸ್ಕೋರ್ 640 ಇದ್ದರೆ ಕೆಲಸ ಸಲೀಸು. ಖಾತರಿ ಶುಲ್ಕ 1%, ವರ್ಷಕ್ಕೆ ಮತ್ತೆ 0.35%. ಎರಡೂವರೆ ಲಕ್ಷ ಡಾಲರ್ ಸಾಲಕ್ಕೆ ಮೊದಲು 2,500, ಆಮೇಲೆ ಮೊದಲ ವರ್ಷಕ್ಕೆ ಸುಮಾರು 875 ಡಾಲರ್. ಯುಎಸ್‌ಡಿಎ ಸಾಲ ಮಾಡಿಸಿ ರೂಢಿಯಿರುವ ಬ್ಯಾಂಕನ್ನೇ ಹಿಡಿಯಿರಿ. ಬಡ್ಡಿ ಒಂದು ಚೂರು ಜಾಸ್ತಿಯಾದರೂ ಪರವಾಗಿಲ್ಲ.

ಈಗ ಮನೆ. ಹೆಚ್ಚಿನವರು ಬೀಳುವುದು ಇಲ್ಲೇ. ಅಪ್ರೈಸರ್ ಬೆಲೆ ಮಾತ್ರ ಕಟ್ಟುವುದಿಲ್ಲ, ಮನೆ ವಾಸಕ್ಕೆ ಯೋಗ್ಯವೇ ಅಂತಲೂ ನೋಡುತ್ತಾರೆ. 1978ಕ್ಕೂ ಮುಂಚಿನ ಮನೆಯಲ್ಲಿ ಎಲ್ಲಾದರೂ ಬಣ್ಣ ಸುಲಿದಿದ್ದರೆ ಸೀಸದ ಭಯ. ಕಿಟಕಿ ಚೌಕಟ್ಟು, ಜಗಲಿ ಕಂಬ, ಹಿತ್ತಲ ಶೆಡ್, ಎಲ್ಲ ಕಡೆಯೂ. ಸುಲಿದದ್ದನ್ನು ಕೆರೆದು ತೆಗೆದು ಹೊಸದಾಗಿ ಬಳಿಯುವವರೆಗೆ ಸಾಲ ನಿಲ್ಲುತ್ತದೆ. ಕೆಲವು ಮಾಲೀಕರು ಸುಲಿದದ್ದರ ಮೇಲೇ ಸುಮ್ನೆ ಒಂದು ಕೋಟ್ ಬಳಿದಿರುತ್ತಾರೆ. ಉಗುರಲ್ಲಿ ಕೆರೆದು ನೋಡಬೇಡಿ, ಪುಡಿ ವಿಷ. ಬೆಳಕು ಓರೆಯಾಗಿ ಬಿದ್ದಾಗ ನೋಡಿ, ಉಬ್ಬುತಗ್ಗು ಕಾಣುತ್ತದೆ. ಬಣ್ಣ ತೆಗೆಯಲು ಸೀಸದ ಕೆಲಸದ ಪ್ರಮಾಣಪತ್ರ ಇದ್ದವರನ್ನೇ ಕರೆಸಬೇಕು.

ಆಮೇಲೆ ಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್. ಸಾಮಾನ್ಯವಾಗಿ ಟ್ಯಾಂಕ್‌ನಿಂದ ಬಾವಿ 50 ಅಡಿ, ಕೊಳಚೆ ನೀರು ಇಂಗುವ ಜಾಗದಿಂದ (ಡ್ರೈನ್‌ಫೀಲ್ಡ್) 100 ಅಡಿ ದೂರ ಇರಬೇಕು. ಹಳೇ ಮನೆಗಳಲ್ಲಿ ಇದನ್ನು ಯಾರು ಅಳೆದಿರುತ್ತಾರೆ? ನೀವೇ ಟೇಪ್ ಹಿಡಿದು ಹೋಗಿ. ಬಾವಿ ನೀರಿನ ಪರೀಕ್ಷೆ ಮಾಡಿಸಿ. ಟ್ಯಾಂಕಿನ ಮುಚ್ಚಳ ತೆಗೆಸಿ, ಹೊಲಸು ಖಾಲಿ ಮಾಡಿಸಿಯೇ ತಪಾಸಣೆ ಮಾಡಿಸಿ. ಮಾಲೀಕರು "ಟ್ಯಾಂಕಿಗೆ ಪುಡಿ ಹಾಕಿದ್ದೇವೆ, ಎಲ್ಲ ಸರಿಹೋಗಿದೆ" ಅಂದರೆ ನಂಬಬೇಡಿ. ಅಂಗಡಿಯ ಆ ಪುಡಿಗಳು ದುಡ್ಡು ದಂಡ, ಕಟ್ಟಿಕೊಂಡ ಡ್ರೈನ್‌ಫೀಲ್ಡ್ ಅವುಗಳಿಂದ ಬಿಡಿಸಿಕೊಳ್ಳುವುದಿಲ್ಲ.

ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಗಾಬರಿ ಬೇಡ. ಸ್ವಂತ ದುಡ್ಡಲ್ಲಿ ಕಿಟಕಿ ಬದಲಿಸಲು ಆ ಪಟ್ಟಿ ಅಡ್ಡ ಬರುವುದಿಲ್ಲ. ಅನುಮತಿ ಕೇಳುವುದು ಸ್ಥಳೀಯ ಐತಿಹಾಸಿಕ ವಲಯದ ನಿಯಮ. ಅದು ಆ ಮನೆಗೆ ಇದೆಯೇ ಅಂತ ಯೋಜನಾ ಕಚೇರಿಯಲ್ಲಿ ಕೇಳಿ.

ಕೊನೆಗೆ ಬ್ಯಾಂಕ್ ಒಪ್ಪಿದ ಕಡತ ಇಲಾಖೆಗೆ ಹೋಗುತ್ತದೆ. ಅಲ್ಲಿ ಮತ್ತೊಂದು ಸರದಿ. ಹಾಗಾಗಿ ಒಪ್ಪಂದದಲ್ಲಿ ಖರೀದಿ ಮುಗಿಸಲು ಮೂವತ್ತು ದಿನ ಅಂತ ಬರೆಯಬೇಡಿ, ನಲವತ್ತೈದಾದರೂ ಕೇಳಿ. ಕೇಂದ್ರ ಸರ್ಕಾರದ ಕಚೇರಿಗಳು ಬಜೆಟ್ ಜಗಳದಲ್ಲಿ ಬಾಗಿಲು ಹಾಕಿದರೆ ಆ ಖಾತರಿಯೂ ನಿಂತುಹೋಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಆದದ್ದೂ ಇದೇ. ಅಂಥ ಹೊತ್ತಿಗೆ ಗಡುವು ತಾನೇ ಮುಂದೆ ಹೋಗುವ ಒಂದು ಷರತ್ತನ್ನು ವಕೀಲರ ಹತ್ತಿರ ಒಪ್ಪಂದಕ್ಕೆ ಮೊದಲೇ ಸೇರಿಸಿಸಿ.