ಕಿಡ್ನಿ ಕಸಿಯಾದವರ ಊಟ: ಪ್ರೋಟೀನ್ ತೂಗುವುದು ಹೇಗೆ?

ಕಿಡ್ನಿ ಕಸಿಯಾಗಿ ಮೂರು ತಿಂಗಳ ಮೇಲೆ ಭಾವ ಮಡಿಕೇರಿಗೆ ಮರಳಿದಾಗ ಆಹಾರತಜ್ಞರ ಚೀಟಿಯಲ್ಲಿ ‘ದಿನಕ್ಕೆ 60 ಗ್ರಾಂ ಪ್ರೋಟೀನ್’ ಎಂದಿತ್ತು. ಅಕ್ಕ ಸರಿಯಾಗಿ 60 ಗ್ರಾಂ ಕೋಳಿ ತೂಗಿ ಬೇಯಿಸಿದಳು. ಈ ತಪ್ಪನ್ನು ಇನ್ನೂ ನಾಲ್ಕು ಮನೆಗಳಲ್ಲಿ ಕಂಡಿದ್ದೇನೆ.

1. ಮೊದಲು ಅಂಕಿ. ಶಸ್ತ್ರಚಿಕಿತ್ಸೆಯ ನಂತರದ 4–6 ವಾರ ದೇಹತೂಕದ ಕಿಲೋಗೆ ಸುಮಾರು 1.3–1.5 ಗ್ರಾಂ ಬೇಕು: ಗಾಯ ಮಾಯಬೇಕು, ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಮದ್ದು ಸ್ನಾಯುವನ್ನು ಕರಗಿಸುತ್ತಿರುತ್ತದೆ. ಆಮೇಲೆ ಕಿಡ್ನಿ ಚೆನ್ನಾಗಿದ್ದರೆ 0.8–1 ಗ್ರಾಂ. ಊತ ಇಳಿದ ಮೇಲಿನ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ವೈದ್ಯರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

2. ಎಡವುವುದು ಇಲ್ಲಿ. ಮಾಂಸದ ತೂಕವೇ ಪ್ರೋಟೀನಿನ ತೂಕವಲ್ಲ. ಬೆಂದ ಕೋಳಿ 100 ಗ್ರಾಮಿನಲ್ಲಿ ಪ್ರೋಟೀನ್ ಇರುವುದು 27 ಗ್ರಾಂ ಆಸುಪಾಸು. ನೂರು ಗ್ರಾಂ ಹಸಿ ಮಾಂಸ ಬೆಂದಾಗ 70–75 ಗ್ರಾಮಿಗೆ ಇಳಿಯುತ್ತದೆ. ಆದ್ದರಿಂದ ಬೇಯಿಸಿದ ಮೇಲೆ, ಮೂಳೆ ಬಿಡಿಸಿ ತೂಗಿ. ಪಂದಿಕರಿಯ (ಕೊಡಗಿನ ಹಂದಿಮಾಂಸದ ಪದಾರ್ಥ) ತುಂಡನ್ನು ಬೆರಳಲ್ಲಿ ಅದುಮಿ ನೋಡಿ: ಮೇಲಿನ ಚರ್ಮ, ನಡುವಿನ ಬಿಳಿ ಕೊಬ್ಬು ತೆಗೆದರೆ ಉಳಿಯುವ ಕೆಂಪು ಭಾಗ ಅರ್ಧವೂ ಇರುವುದಿಲ್ಲ. ಲೆಕ್ಕಕ್ಕೆ ಬರುವುದು ಅಷ್ಟೇ.

ಇನ್ನು ಅನ್ನವನ್ನು ಯಾರೂ ಎಣಿಸುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿರೊಟ್ಟಿ ಸೇರಿ ದಿನಕ್ಕೆ 200 ಗ್ರಾಂ ಅಕ್ಕಿ ಹೋದರೆ ಅದರಲ್ಲೇ ಸುಮಾರು 14 ಗ್ರಾಂ. ಎರಡು ಮೊಟ್ಟೆಗೆ 12, ಒಂದು ಲೋಟ ಹಾಲಿಗೆ 6, ಗಟ್ಟಿ ಬೇಳೆ ಒಂದು ಬಟ್ಟಲಿಗೆ 7, ಬೆಂದ ಕೋಳಿ 60 ಗ್ರಾಮಿಗೆ 16. ಕೂಡಿಸಿ: 55. ಅರವತ್ತು ಕಿಲೋದವರಿಗೆ ಸಾಕು. ಕೈಲ್‌ಪೊಳ್ದ್ ಹಬ್ಬದ ದಿನ ಹಂದಿಮಾಂಸ ಬೇಕೆಂದರೆ ಕೋಳಿ ಬಿಡಿ, ಎರಡನ್ನೂ ಬಡಿಸಬೇಡಿ. ಅರೆಬೆಂದದ್ದಂತೂ ಬೇಡವೇ ಬೇಡ. ರೋಗನಿರೋಧಕ ಶಕ್ತಿಯನ್ನು ಮದ್ದಿನಿಂದ ತಗ್ಗಿಸಿರುತ್ತಾರೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಳ್ಳಿ. ಅಂದಾಜಿನ ಅಳತೆ ನನಗೆ ಆಗದು.

3. ಮೂರು ಹೊತ್ತಿಗೂ ಹಂಚಿ.

4. ಪ್ರೋಟೀನ್ ಪುಡಿ ಡಬ್ಬಿ ತರಬೇಡಿ. ಜಿಮ್ ಅಂಗಡಿಯವನು ಭಾವನಿಗೆ ಮಾರಿದ ಡಬ್ಬಿಯಲ್ಲಿ ಹೆಸರೇ ಕೇಳದ ಗಿಡಮೂಲಿಕೆಗಳಿದ್ದವು. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್‌ನಂಥ ಮದ್ದಿನ ಮಟ್ಟವನ್ನು ಅವು ಏರುಪೇರು ಮಾಡಬಹುದು. ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ.

5. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದು ವರದಿ ಬಂದರೆ ‘ಹೋದದ್ದನ್ನು ತುಂಬೋಣ’ ಎಂದು ಮೊಟ್ಟೆ ಹೆಚ್ಚಿಸುವವರಿದ್ದಾರೆ. ಕಿಡ್ನಿಯ ಸೋಸುಜಾಲ ಹಾಳಾಗುತ್ತಿರುವ ಸೂಚನೆ ಅದು. ಇನ್ನಷ್ಟು ತಿಂದರೆ ಅದರ ಮೇಲಿನ ಹೊರೆಯೇ ಹೆಚ್ಚುತ್ತದೆ. ತಟ್ಟೆ ಬದಲಿಸುವ ಮೊದಲು ವರದಿ ಹಿಡಿದು ಕಸಿ ವೈದ್ಯರ ಬಳಿ ಹೋಗಿ.